ಹೊರಗೆ ನಿಲ್ಲುವ ಸರದಿ

ಮಾರ್ಚ್ 7, ಶನಿವಾರ. ಸಂಜೆ

ಗಂಟಲು ಪೂರ್ತಿ ಕೂತುಹೋಗಿದೆ. ಬೆಳಗಿನ ಶಿಫ್ಟ್ ಮುಗಿಸಿ, ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಡ್ರೈವರ್ ಶರ್ಟಿನ ಮೇಲೆಯೇ ಟೀಮಿನ ಜರ್ಸಿ ಏರಿಸಿಕೊಂಡು ಓಡಿದೆ. ಎಂದಿನ ಸಾಲು, ಎಂದಿನ ನಾಲ್ವರು — ನಾನು, ಮಗಳು, ಬೇಕರಿಯವ, ಅಕ್ಕನ ಗಂಡ ಭಾವ. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಮ್ಮವರು ಒಂದು ಗೋಲು ಬಿಟ್ಟುಕೊಟ್ಟಾಗಿತ್ತು.

ಎರಡನೇ ಅರ್ಧದಲ್ಲೂ ಅದೇ ಒಂದು ಗೋಲು ಹಿಂದೆ. ಬೇಕರಿಯವ ತಿರುಗಿ ಭಾವನ ಮುಖ ನೋಡಿದ. ನಾನೂ ನೋಡಿದೆ. ಹಿಂದಿನ ಸಾಲಿನವರೂ ನೋಡಿದರು. ಭಾವ ಒಂದು ನಿಟ್ಟುಸಿರು ಬಿಟ್ಟು ಎದ್ದರು.

ಇದು ವರ್ಷಗಳಿಂದ ನಡೆದುಕೊಂಡು ಬಂದದ್ದು. ಒಮ್ಮೆ ಸೋಲುತ್ತಿದ್ದಾಗ ಭಾವ ಟಾಯ್ಲೆಟ್ಟಿಗೆಂದು ಕೆಳಗೆ ಹೋದರು, ನಮ್ಮವರು ಗೋಲು ಹೊಡೆದರು. ಮುಂದಿನ ಮ್ಯಾಚಿನಲ್ಲೂ ಹಾಗೇ ಆಯಿತು. ಅಲ್ಲಿಗೆ ಭಾವನ ಕಥೆ ಮುಗಿಯಿತು. ನಾವು ಹಿಂದೆ ಬಿದ್ದಾಗಲೆಲ್ಲ ಅವರು ಮೆಟ್ಟಿಲಿಳಿದು ಸ್ಟ್ಯಾಂಡಿನ ಕೆಳಗೆ, ಆಟ ಕಾಣದ ಕಡೆ ಹೋಗಿ ನಿಲ್ಲಬೇಕು. ಗೋಲು ಬಿದ್ದ ಮೇಲೆ ವಾಪಸ್ ಬರಬಹುದು. ಬೀಳದ ದಿನಗಳೂ ಇದ್ದವು. ಅವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅವತ್ತು ಭಾವ ಸರಿಯಾಗಿ ನಿಂತಿರಲಿಲ್ಲ ಅಂತ ಅವರ ತಲೆಗೇ ಕಟ್ಟುತ್ತೇವೆ.

ಇವತ್ತು ಅವರು ಇಳಿದುಹೋಗಿ ಸ್ವಲ್ಪ ಹೊತ್ತಿಗೆ ಗೋಲ್! ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕರೊಬ್ಬರನ್ನು ತಬ್ಬಿಕೊಂಡುಬಿಟ್ಟೆ. ಭಾವ ಏದುಸಿರು ಬಿಡುತ್ತಾ ಬಂದು, ಯಾರು ಹೊಡೆದದ್ದು, ಎಡಗಾಲಾ ಬಲಗಾಲಾ ಅಂತ ಕೇಳಿದರು. ಬೇಕರಿಯವ ಖಾಲಿ ಬಾಟಲಿ ಒದ್ದು ಆಡಿ ತೋರಿಸಿದ.

“ಟಿಕೆಟ್ ತಗೊಂಡು ಗೋಡೆ ನೋಡಿ ಬರೋನು ಇಡೀ ಊರಲ್ಲಿ ನಾನೊಬ್ಬನೇ ಕಣೋ” ಅಂದರು ಭಾವ.

ಲಿಫ್ಟ್ ರಿಪೇರಿಯಲ್ಲಿ ಕೂದಲು ಹಣ್ಣಾದ ಮನುಷ್ಯ. ಹೋದ ವರ್ಷ ರಿಟೈರ್ ಆದರು. ನಮ್ಮ ಟೀಮನ್ನು ಮೇಲಕ್ಕೆತ್ತುವ ಲಿಫ್ಟ್ ಮಾತ್ರ ಇನ್ನೂ ಯಾವ ಕಂಪನಿಯೂ ಮಾಡಿಲ್ಲ ಅನ್ನುತ್ತಾರೆ. ಡ್ರಾ ಆಯಿತು. ಪಟ್ಟಿಯಲ್ಲಿ ಕೊನೆಯಿಂದ ಮೂರನೆಯವರು ನಾವು. ಕೆಳಗಿನ ಲೀಗಿಗೆ ಬೀಳದೆ ಉಳಿದುಕೊಳ್ಳಬಹುದು.

ಮಾರ್ಚ್ 12, ಗುರುವಾರ

ಡಿಪೋದ ಟಿವಿಯಲ್ಲಿ ಬಂತು. ಎಲ್ಲ ಮ್ಯಾಚುಗಳೂ ಬಂದ್. ಮುಂದಿನ ಆದೇಶದವರೆಗೆ. ರೋಗದ ಸುದ್ದಿ ಇಷ್ಟು ದಿನ ಎಲ್ಲೋ ಬೇರೆಯವರ ಮನೆಯದು ಅನ್ನಿಸುತ್ತಿತ್ತು. ಮ್ಯಾಚ್ ನಿಂತಿತು ನೋಡಿ, ಆಗ ಎದೆ ಧಸಕ್ಕೆಂದಿತು. ನಾಚಿಕೆ ಆಗಬೇಕು ನನಗೆ.

ಬೇಕರಿಯವ ಬಿಟ್ಟೂ ಬಿಡದೆ ಫೋನ್ ಮಾಡಿದ. ಶನಿವಾರ ಏನು ಮಾಡೋದು, ಶನಿವಾರ ಏನು ಮಾಡೋದು — ಅದೊಂದೇ. ಭಾವ ಮಾತ್ರ ಆರಾಮಾಗಿದ್ದರು. ಒಳ್ಳೇದೇ ಆಯ್ತಂತೆ, ಆಡದಿದ್ದರೆ ಸೋಲುವ ಹಾಗಿಲ್ಲವಂತೆ.

ಮಾರ್ಚ್ 14, ಶನಿವಾರ

ಮನೆಯಲ್ಲಿ ಕೂರಲಾಗಲಿಲ್ಲ. ತರಕಾರಿ ತರುತ್ತೇನೆ ಅಂತ ಹೇಳಿ ಸ್ಟೇಡಿಯಮ್ಮಿಗೆ ಹೋದೆ. ಗೇಟಿಗೆ ಬೀಗ, ಬೀಗದ ಮೇಲೊಂದು ನೋಟಿಸ್. ಸರಳಿನ ಸಂದಿಯಲ್ಲಿ ಇಣುಕಿದರೆ ಹುಲ್ಲಿನ ಒಂದು ಮೂಲೆ ಕಾಣುತ್ತದೆ. ಅದನ್ನೇ ನೋಡುತ್ತಾ ನಿಂತವರು ಇನ್ನೂ ಕೆಲವರಿದ್ದರು. ಬೇಕರಿಯವನೂ ಇದ್ದ, ಮಾಸ್ಕ್ ಹಾಕಿಕೊಂಡು. ಒಬ್ಬರನ್ನೊಬ್ಬರು ನೋಡಿ ಕಳ್ಳರ ಹಾಗೆ ನಕ್ಕೆವು.

ಭಾವ ಬಂದಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಸ್ವಲ್ಪ ಕೆಮ್ಮು ಅಂತೆ.

ತರಕಾರಿ ಮರೆತೆ. ಹೆಂಡತಿ ಕೈಲಿ ಬೈಸಿಕೊಂಡೆ.

ಮಾರ್ಚ್ 22, ಭಾನುವಾರ

ಭಾವನನ್ನು ಆಸ್ಪತ್ರೆಗೆ ಕರೆದೊಯ್ದರು. ಜ್ವರ ಇಳಿಯಲೇ ಇಲ್ಲ, ನಿನ್ನೆಯಿಂದ ಉಸಿರಿಗೂ ಕಷ್ಟ. ಮೈತುಂಬ ಪ್ಲಾಸ್ಟಿಕ್ ಹಾಕಿಕೊಂಡ ಇಬ್ಬರು ಬಂದು ಗಾಲಿಕುರ್ಚಿಯಲ್ಲಿ ಕೂರಿಸಿದರಂತೆ. ಅಕ್ಕ ಬಾಗಿಲಿನಿಂದಾಚೆ ಬರುವ ಹಾಗಿಲ್ಲ. ಲಿಫ್ಟಿನ ಬಾಗಿಲು ಮುಚ್ಚುವಾಗ ಭಾವ ಹೇಳಿದ್ದು ಇಷ್ಟೇ ಅಂತೆ — ಇದರ ಬೇರಿಂಗ್ ಸದ್ದು ಮಾಡ್ತಿದೆ, ಗ್ರೀಸ್ ಹಾಕಿಸೋಕೆ ಹೇಳು.

ಅಕ್ಕ ಅದನ್ನು ಹೇಳುತ್ತಾ ನಕ್ಕಳು, ಆಮೇಲೆ ಅತ್ತಳು. ನಾನು ಅವಳ ಬಿಲ್ಡಿಂಗಿನ ಕೆಳಗೆ ರಸ್ತೆಯಲ್ಲಿ ನಿಂತಿದ್ದೆ, ಅವಳು ಬಾಲ್ಕನಿಯಲ್ಲಿ. ಹತ್ತಿರ ಹೋಗಿ ಕೈ ಹಿಡಿಯುವಂತಿಲ್ಲ. ಬೇರೆ ಮನೆಯವರೆಲ್ಲ ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳಲಿ.

ಅವತ್ತು ಸ್ಟ್ಯಾಂಡಿನ ಕೆಳಗೆ ಗಿಜಿಗುಡುವ ಜನ. ಅಲ್ಲಿಂದಲೇ ಅಂಟಿತೇ? ಹಾಗಾದರೆ ಕಳಿಸಿದವರು ಯಾರು… ಬೇಡ. ಇದನ್ನು ಬರೆಯಬಾರದು.

ಮಾರ್ಚ್ 25, ಬುಧವಾರ

ವಾರ್ಡಿನಲ್ಲಿ ಫೋನ್ ಇಟ್ಟುಕೊಳ್ಳಲು ಬಿಟ್ಟಿದ್ದಾರೆ. ಡ್ಯೂಟಿ ಮುಗಿಸಿ ಮಾಡಿದೆ. ಭಾವ ಹಳೆಯ ಮ್ಯಾಚೊಂದನ್ನು ಎತ್ತಿಕೊಂಡರು — ಸುರಿವ ಮಳೆಯಲ್ಲಿ ನಾವು ಗೆದ್ದದ್ದು. ಅದರ ಗೋಲು ಹೇಗಿತ್ತು ಹೇಳೋ ಅಂದರು. ಹೇಳಿದೆ. ಕಾರ್ನರಿನಿಂದ ಬಂದ ಬಾಲು, ನಮ್ಮ ಕುಳ್ಳ ಎಲ್ಲರಿಗಿಂತ ಮೇಲೆ ಹಾರಿದ್ದು. ಇನ್ನೊಂದು ಹೇಳು ಅಂದರು. ಅವರು ಕಾಣದ ಗೋಲುಗಳಿಗೆ ಬರವೇ. ನಗಲು ಹೋಗಿ ಅವರಿಗೆ ಕೆಮ್ಮು ಹತ್ತಿತು. ನರ್ಸ್ ಫೋನ್ ಇಸಿದುಕೊಂಡರು.

ಮಾರ್ಚ್ 26, ಗುರುವಾರ

ಆಕ್ಸಿಜನ್ ಇಳಿದಿದೆ. ನಿನ್ನೆ 92, ಇವತ್ತು 87. ನರ್ಸ್ ದಿನಾ ಬೆಳಿಗ್ಗೆ ಅಕ್ಕನಿಗೆ ಹೇಳುತ್ತಾರೆ, ಅಕ್ಕ ನನಗೆ, ನಾನು ಬೇಕರಿಯವನಿಗೆ. ಸ್ಕೋರ್ ಕೇಳಿದ ಹಾಗೆ ಕೇಳುತ್ತೇವೆ.

ಮಾರ್ಚ್ 29, ಭಾನುವಾರ

ಎರಡು ದಿನ ಫೋನ್ ಮಾಡಲಾಗಲಿಲ್ಲ, ಡಬಲ್ ಡ್ಯೂಟಿ. ಬಸ್ಸಿನಲ್ಲಿ ಆಸ್ಪತ್ರೆಯ ಸಿಬ್ಬಂದಿ ಬಿಟ್ಟರೆ ಬೇರೆ ಪ್ರಯಾಣಿಕರಿಲ್ಲ. ಸೀಟು ಬಿಟ್ಟು ಸೀಟು ಕೂರುತ್ತಾರೆ, ಕೂತಲ್ಲೇ ನಿದ್ದೆ ಹೋಗುತ್ತಾರೆ. ಸ್ಟಾಪ್ ಬಂದಾಗ ನಾನೇ ಕೂಗಿ ಎಬ್ಬಿಸುತ್ತೇನೆ.

ಭಾವನದು 93. ಊಟವನ್ನೂ ಮಾಡಿದರಂತೆ.

ಖುಷಿಯಾಗಿ ಸಂಜೆ ಫೋನ್ ಮಾಡಿದೆ. ಎರಡು ಗೋಲು ಹೇಳಿದೆ.

ಮಾರ್ಚ್ 30, ಸೋಮವಾರ

86.

ಬೇಕರಿಯವನಿಗೆ ಫೋನಿನಲ್ಲಿ ಹೇಳಿದೆ. ಅವನು, ಬೇಜಾರು ಮಾಡ್ಕೋಬೇಡ, ಒಂದು ಮಾತು ಅಂದ. ನೀನು ಫೋನ್ ಮಾಡಿದ ಮಾರನೇ ದಿನ ಇಳಿಯುತ್ತದೆ. ಮಾಡದಿದ್ದಾಗ ಏರುತ್ತದೆ. ಗಮನಿಸಿದ್ದೀಯಾ ಅಂದ.

ನಕ್ಕುಬಿಟ್ಟೆ. ಫೋನಿಟ್ಟ ಮೇಲೆ ನಗು ಬರಲಿಲ್ಲ.

ಏಪ್ರಿಲ್ 2, ಗುರುವಾರ

ಫೋನ್ ಮಾಡಿಲ್ಲ. ನಿನ್ನೆ 89, ಇವತ್ತು 91.

ಇಷ್ಟು ವರ್ಷ ಅವರನ್ನು ಹೊರಗೆ ನಿಲ್ಲಿಸಿದ್ದೆವು. ಈ ಸಲ ಸರದಿ ನನ್ನದು. ಇದರಲ್ಲಿ ಕಷ್ಟವೇನಿದೆ? ಆಟ ಕಾಣದ ಕಡೆ ನಿಲ್ಲುವುದು, ಅಷ್ಟೇ.

ಮಗಳಿಗೆ ಹೇಗೋ ಗೊತ್ತಾಗಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅಪ್ಪಾ, ಮಾವ ಮನುಷ್ಯ. ಮ್ಯಾಚ್ ಅಲ್ಲ. ಅವರು ಅಲ್ಲಿ ಒಬ್ಬರೇ ಮಲಗಿದ್ದಾರೆ.”

ಮಾತಾಡಿದರೆ ಆಯಾಸವಾಗುತ್ತದೆ ಅಂತ ಡಾಕ್ಟರೇ ಹೇಳಿದ್ದಾರೆ ಅಂದೆ. ಸುಳ್ಳು. ಡಾಕ್ಟರ ಮುಖವನ್ನೇ ನಾನು ಕಂಡಿಲ್ಲ.

ಏಪ್ರಿಲ್ 4, ಶನಿವಾರ

94! ಹೀಗೇ ಇದ್ದರೆ ಸಾಧಾರಣ ವಾರ್ಡಿಗೆ ಕಳಿಸುತ್ತಾರಂತೆ. ಬೇಕರಿಯವ ಫೋನಿನಲ್ಲೇ ಕೇಕೆ ಹಾಕಿದ. ಅಕ್ಕ ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಹರವಿದ್ದಾಳೆ. ಭಾವ ನಿನ್ನ ವಿಚಾರ ಕೇಳಿದರು, ಯಾಕೋ ಫೋನೇ ಮಾಡಿಲ್ಲವಂತೆ ಅಂದಳು. ಡ್ಯೂಟಿ ಅಕ್ಕ ಅಂದೆ.

ಇನ್ನು ಸ್ವಲ್ಪ ದಿನ ತಡೆದುಕೊಳ್ಳಿ ಭಾವ. ಮನೆಗೆ ಬನ್ನಿ, ಕಿವಿ ತೂತಾಗುವಷ್ಟು ಮಾತಾಡುತ್ತೇನೆ.

ಏಪ್ರಿಲ್ 5, ಭಾನುವಾರ. ಮಧ್ಯಾಹ್ನ

ಕೊನೇ ಸ್ಟಾಪಿನಲ್ಲಿದ್ದೇನೆ. ಹೊರಡಲು ಇನ್ನೂ ಟೈಮಿದೆ. ಅಷ್ಟರಲ್ಲಿ ಇದನ್ನು ಬರೆದುಬಿಡುತ್ತೇನೆ.

ಈಗ ತಾನೇ ಫೋನ್ ಬಂತು. ಭಾವನದು. ಎತ್ತಬೇಕೆಂದು ಬೆರಳು ಹೋಗಿಯೇ ಬಿಟ್ಟಿತ್ತು. 94 ನೆನಪಾಯಿತು. ಫೋನನ್ನು ಸೀಟಿನ ಮೇಲಿಟ್ಟು ಬಸ್ಸಿನಿಂದ ಇಳಿದುಬಿಟ್ಟೆ. ಬಾಗಿಲೂ ಹಾಕಿದೆ. ಹೊರಗೆ ಉರಿಬಿಸಿಲು, ಒಂದು ನರಪಿಳ್ಳೆಯೂ ಇಲ್ಲ. ಗಾಜಿನೊಳಗೆ ಫೋನಿನ ಬೆಳಕು ಕಾಣುತ್ತಿತ್ತು. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು.

ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅನ್ನಿಸುತ್ತಿದೆ. ನಾಳೆ 95 ಬರಲಿ.

ಏಪ್ರಿಲ್ 6, ಸೋಮವಾರ

ಭಾವ ಹೋದರು.

ಏಪ್ರಿಲ್ 8, ಬುಧವಾರ

ರಾತ್ರಿ ಇದ್ದಕ್ಕಿದ್ದ ಹಾಗೆ ಉಸಿರು ಕೈಕೊಟ್ಟಿತಂತೆ. ಈ ರೋಗ ಹಾಗೇ, ಚೇತರಿಸಿಕೊಂಡ ಹಾಗೆ ಕಂಡವರೂ ಒಮ್ಮೊಮ್ಮೆ ಹೀಗೆ ಹೋಗಿಬಿಡುತ್ತಾರೆ ಅಂತ ನರ್ಸ್ ಹೇಳಿದರಂತೆ. ಫೋನ್ ಮಾಡಿದ್ದಕ್ಕೂ ಮಾಡದ್ದಕ್ಕೂ ಸಂಬಂಧವಿಲ್ಲ. ನನಗೆ ಗೊತ್ತು. ಮೊದಲೂ ಗೊತ್ತಿತ್ತು.

ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನರನ್ನಷ್ಟೇ ಬಿಟ್ಟರು. ಮುಖ ತೋರಿಸಲಿಲ್ಲ. ಅಕ್ಕ ಒಂದು ಕಡೆ, ನಾವು ಒಂದು ಕಡೆ, ನಡುವೆ ನೆಲಕ್ಕೆ ಗೆರೆ ಎಳೆದಿದ್ದರು. ಬೇಕರಿಯವ ಕಾಂಪೌಂಡಿನ ಹೊರಗೆ ಜರ್ಸಿ ಹಾಕಿಕೊಂಡು ನಿಂತಿದ್ದ. ನನ್ನ ಕಣ್ಣು ತಪ್ಪಿಸಿದ. ನಾನೂ ತಪ್ಪಿಸಿದೆ.

ಮೇ 16, ಶನಿವಾರ

ತುಂಬಾ ದಿನ ಬರೆಯಲಿಲ್ಲ. ಬರೆಯಲು ಏನಿದೆ. ಡಿಪೋ, ಬಸ್ಸು, ಮನೆ.

ಮಿಸ್ಡ್ ಕಾಲ್ ಎರಡೂ ಫೋನಿನಲ್ಲಿ ಹಾಗೇ ಇವೆ. ಅಳಿಸಲು ಮನಸ್ಸು ಬರುವುದಿಲ್ಲ, ನೋಡಲು ಧೈರ್ಯ ಬರುವುದಿಲ್ಲ. ಏನು ಹೇಳಬೇಕೆಂದಿದ್ದರೋ? ಭಯವಾಗಿತ್ತೋ? ಇನ್ನೊಂದು ಗೋಲು ಹೇಳು ಅನ್ನುತ್ತಿದ್ದರೋ? ಹೆಂಡತಿಯ ತಮ್ಮನೂ ಕೈಬಿಟ್ಟ ಅಂದುಕೊಂಡೇ ಹೋದರೇನೋ. ಇದೊಂದು ನನ್ನನ್ನು ತಿನ್ನುತ್ತಿದೆ. ಅಕ್ಕನಿಗೆ ಹೇಳಬೇಕು, ಹೇಳಲಾಗುತ್ತಿಲ್ಲ.

ಮಗಳು ಒಂದು ದಿನವೂ, ನಾನು ಹೇಳಿರಲಿಲ್ವಾ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಜೂನ್ 20, ಶನಿವಾರ. ಸಂಜೆ

ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಟಿವಿಯಲ್ಲಿ ಮ್ಯಾಚ್.

ಮತ್ತೆ ಶುರುವಾಗಿದೆ. ಜನರಿಲ್ಲದ ಸ್ಟೇಡಿಯಂ. ನಮ್ಮ ಸಾಲನ್ನೂ ತೋರಿಸಿದರು, ಬರೀ ಕುರ್ಚಿಗಳು. ಜನರ ಸದ್ದನ್ನು ಎಲ್ಲಿಂದಲೋ ತಂದು ಸೇರಿಸಿದ್ದಾರೆ, ಹೊತ್ತಲ್ಲದ ಹೊತ್ತಿನಲ್ಲಿ ಹೋ ಅನ್ನುತ್ತದೆ. ಬರುವ ಮನಸ್ಸಿರಲಿಲ್ಲ. ಅಕ್ಕನೇ ಕರೆದಳು, ಮನೆ ಭಣಭಣ ಅನ್ನುತ್ತೆ, ಎಲ್ಲರೂ ಬಂದು ಇಲ್ಲೇ ನೋಡಿ ಅಂತ. ಬೇಕರಿಯವ ಬನ್ನು ತಂದಿದ್ದ. ಯಾರೂ ಮುಟ್ಟಲಿಲ್ಲ.

ನಮ್ಮವರು ಒಂದು ಗೋಲು ಹಿಂದೆ. ಸೋತರೆ ಕೆಳಗಿನ ಲೀಗಿಗೆ ಬೀಳುತ್ತೇವೆ. ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತಡೆಯಲಾಗಲಿಲ್ಲ ನನಗೆ. ಎದ್ದು ಹೊರಗೆ ಬಂದೆ.

ಹಿಂದೆಯೇ ಅಕ್ಕ ಬಂದಳು. ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತಾ ಇದ್ದಳು.

“ಕೊನೇ ದಿನ ನಿನಗೆ ಫೋನ್ ಮಾಡಿದ್ರಲ್ಲ. ಆಮೇಲೆ ನನಗೆ ಮಾಡಿದ್ರು” ಅಂದಳು.

ತಿರುಗಿ ಅವಳನ್ನೇ ನೋಡಿದೆ.

“‘ನಿನ್ನ ತಮ್ಮ ಫೋನ್ ಎತ್ತಲಿಲ್ಲ ಕಣೆ. ನನಗೋಸ್ಕರ ಎಲ್ಲೋ ಹೊರಗೆ ಹೋಗಿ ನಿಂತಿದ್ದಾನೆ, ನನಗೆ ಗೊತ್ತು’ ಅಂದ್ರು. ನಗ್ತಾ ಇದ್ರು ಕಣೋ. ‘ಅವನು ನಿಂತ ಅಂದ್ಮೇಲೆ ನಾನು ಮನೆಗೆ ಬಂದ ಹಾಗೇ ಬಿಡು’ ಅಂದ್ರು. ಏನೋ ಜ್ವರದಲ್ಲಿ ಆಡಿದ ಮಾತು ಅಂದ್ಕೊಂಡಿದ್ದೆ. ಈಗ ನೀನು ಎದ್ದು ಬಂದೆಯಲ್ಲ, ಆಗ ಅರ್ಥ ಆಯ್ತು.”

ಮುಖ ಮುಚ್ಚಿಕೊಂಡೆ.

“ನಿಜವಾಗ್ಲೂ ನಿಂತಿದ್ಯೇನೋ?” ಅಂದಳು.

“ನಿಂತಿದ್ದೆ ಅಕ್ಕ. ಬಸ್ಸಿನ ಹೊರಗೆ, ಬಿಸಿಲಲ್ಲಿ.”

ಅವಳೂ ಅತ್ತಳು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಸೋತರೆ ಸೋಲಲಿ, ಒಳಗೆ ಬಾ ಅಂದಳು. ಇದೊಂದು ಬರೆದು ಬರ್ತೀನಿ ಅಂದೆ. ಬಾಗಿಲು ತೆರೆದಿಟ್ಟೇ ಹೋಗಿದ್ದಾಳೆ.

ಇನ್ನೂ ಅದೇ ಸ್ಕೋರು. ಬೇಕರಿಯವ ಮೂಗೊರೆಸುವ ಸದ್ದು ಇಲ್ಲಿಗೂ ಕೇಳುತ್ತದೆ. ಅವನಿಗೂ ಇದನ್ನು ಹೇಳಬೇಕು. ಮಗಳಿಗೂ.

ಭಾವ, ನಾನು ಒಳಗೆ ಹೋಗಿ ಕೂತ್ಕೋತೀನಿ. ಸಾಕು ನನಗೆ. ನೀವೂ ಒಳಗೆ ಬನ್ನಿ.