ಅಕ್ಕನ ಕನ್ಸೋಲ್, ನನ್ನ ಕಂಪ್ಯೂಟರ್

ಮಾರ್ಚ್ 3, ಭಾನುವಾರ

ಹನ್ನೊಂದಕ್ಕೆ ಅಕ್ಕನ ಮನೆ. ಎಂದಿನಂತೆ ಚಪ್ಪಲಿ ಬಿಡುವ ಮೊದಲೇ ಒಂದು ಕೈಗೆ ಕಾಫಿ, ಇನ್ನೊಂದಕ್ಕೆ ಗೇಮ್ ಕನ್ಸೋಲಿನ ಕಂಟ್ರೋಲರ್.

ಹೊಡೆದಾಟ ಅವಳದ್ದು, ಒಗಟು ನನ್ನದು. ಆರು ವರ್ಷದಿಂದ ಇದೇ ಹಂಚಿಕೆ. ಶಾಲೆ ಬಸ್ಸು ಓಡಿಸುವವಳು — ವಾರವಿಡೀ ನಲವತ್ತು ಮಕ್ಕಳ ಗಲಾಟೆ ನುಂಗಿಕೊಂಡು, ಭಾನುವಾರ ಅದನ್ನೆಲ್ಲ ಕಡಲ್ಗಳ್ಳರ ಮೇಲೆ ತೀರಿಸಿಕೊಳ್ಳುತ್ತಾಳೆ. ನಾನು ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಕಟ್ಟುವವಳು. ತಾಳ್ಮೆ ಜಾಸ್ತಿ. ಅದಕ್ಕೇ ಅವಳು ನನ್ನನ್ನು ಕರೆಯುವುದು ‘ಹಲ್ಲಿ’ ಅಂತ.

‘ಲ್ಯಾಂಟರ್ನ್ ಕೋಸ್ಟ್’ ಗೇಮಿನ ಎರಡನೇ ಭಾಗ ಮೂರನೇ ಸಲ ಮುಗಿಸಿದೆವು. ಮೂರನೇ ಭಾಗ 22ಕ್ಕೆ ಬಿಡುಗಡೆ. ಅಕ್ಕ ಡಿಸ್ಕ್ ಬುಕ್ ಮಾಡಿಯಾಗಿದೆ. “ಎಕ್ಸ್‌ಕ್ಲೂಸಿವ್ ಕಣೇ! ನಮ್ಮ ಕನ್ಸೋಲ್ ಬಿಟ್ರೆ ಭೂಮಿ ಮೇಲೆ ಎಲ್ಲೂ ಸಿಗಲ್ಲ, ಗೊತ್ತಾ?” — ತಾನೇ ಕೂತು ಮಾಡಿದ ಗೇಮ್ ಎಂಬಷ್ಟು ಹೆಮ್ಮೆ.

ಮಾರ್ಚ್ 5, ಮಂಗಳವಾರ

ಲ್ಯಾಬಿನಲ್ಲಿ ಊಟದ ಹೊತ್ತು. ಪ್ಲಾಸ್ಟರ್ ಮಾಮ — ಹಲ್ಲಿನ ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವವರು, ಹುಬ್ಬು ಕೂಡ ಸದಾ ಬೆಳ್ಳಗೆ — ಫೋನ್ ಮುಂದೆ ಹಿಡಿದರು. “ನೋಡಮ್ಮ, ನಿನ್ನ ದೀಪದ ಗೇಮು ಕಂಪ್ಯೂಟರ್‌ಗೂ ಬರುತ್ತಂತೆ. ಅದೇ ದಿನ.”

ಎರಡು ಸಲ ಓದಿದೆ. ನಿಜ! ಮನೆಯಲ್ಲಿ ಹಲ್ಲಿನ ಡಿಸೈನ್ ಮಾಡಲು ಲ್ಯಾಬಿನವರೇ ಕೊಟ್ಟ ದೊಡ್ಡ ಕಂಪ್ಯೂಟರ್ ಇದೆ. ಆರಾಮಾಗಿ ಓಡುತ್ತದೆ. ಸಂಜೆ ಬಂದವಳೇ ಪ್ಲಾಸ್ಟರ್ ಮೆತ್ತಿದ ಏಪ್ರನ್ನಲ್ಲೇ ಒಂದು ಸುತ್ತು ಕುಣಿದೆ.

ಅಕ್ಕನನ್ನು ರೇಗಿಸಲು ಇಷ್ಟು ಒಳ್ಳೆಯ ಅಸ್ತ್ರ ಇದುವರೆಗೆ ಸಿಕ್ಕಿರಲಿಲ್ಲ.

ಮಾರ್ಚ್ 10, ಭಾನುವಾರ

ಬಾಗಿಲಲ್ಲೇ ಶುರು ಮಾಡಿದೆ. “ನಿನ್ನ ಎಕ್ಸ್‌ಕ್ಲೂಸಿವ್ ಮಣ್ಣು ಮುಕ್ಕಿತು ಕಣೇ ಅಕ್ಕ.”

ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು. “ಕಂಪ್ಯೂಟರ್ ಲೆಕ್ಕಕ್ಕಿಲ್ಲ. ಎಕ್ಸ್‌ಕ್ಲೂಸಿವ್ ಅಂದ್ರೆ ಬೇರೆ ಕಂಪನಿ ಕನ್ಸೋಲ್‌ಗೆ ಇಲ್ಲ ಅಂತ. ಕಂಪ್ಯೂಟರ್ ಏನು ಕನ್ಸೋಲಾ? ಅದು ಆಫೀಸ್ ಸಾಮಾನು.”

“ನಿನ್ನ ಡಬ್ಬಿ ಇಲ್ಲದೇನೇ ಆಡಬಹುದು ಅಂದ್ಮೇಲೆ ಎಲ್ಲಿಯ ಎಕ್ಸ್‌ಕ್ಲೂಸಿವ್?”

“ನಮ್ಮ ಶಾಲೆ ಬಸ್ಸಿಗೆ ಒಂದಿನ ಟೀಚರ್ ಹತ್ತಿದ್ರೆ ಅದು ಸಿಟಿ ಬಸ್ಸಾಗಿಬಿಡುತ್ತಾ?”

“ಟೀಚರ್ ಹತ್ತಿದ್ರೆ ಆಗಲ್ಲ. ಊರಲ್ಲಿ ಕೈ ಅಡ್ಡ ಹಾಕಿದೋರೆಲ್ಲ ಹತ್ತಿದ್ರೆ ಆಗುತ್ತೆ.”

ಭಾವ ಪೇಪರ್ ಮಡಚಿದರು. ಸರ್ವೆಯರ್ ಅವರು, ಜಗಳ ಕಂಡರೆ ಅಳತೆಗೆ ಇಳಿಯುತ್ತಾರೆ. “ಇಬ್ಬರದೂ ಅರ್ಧ ಸರಿ. ‘ಕನ್ಸೋಲ್ ಎಕ್ಸ್‌ಕ್ಲೂಸಿವ್’ ಅನ್ನಿ. ಬರೀ ‘ಎಕ್ಸ್‌ಕ್ಲೂಸಿವ್’ ಅನ್ನಬೇಡಿ. ಗಡಿಕಲ್ಲು ಅಲ್ಲಿ ನೆಟ್ಟುಬಿಡೋಣ.”

“ನೀವು ಸುಮ್ನಿರಿ,” — ನಾನೂ ಅಕ್ಕನೂ ಒಟ್ಟಿಗೆ.

ಬಾಯಿ ನಿಲ್ಲಲಿಲ್ಲ ನನ್ನದು. “ಇನ್ಮೇಲೆ ನಿನ್ನ ಹಂಗಿಲ್ಲ ಬಿಡು. ನನ್ನ ಮನೇಲಿ, ನನ್ನ ಕುರ್ಚೀಲಿ ಕೂತು ಆಡ್ತೀನಿ.”

ಭಾವ ನಕ್ಕರು. ಅಕ್ಕ ನಗಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದಳು. ಗೆದ್ದೆ ಅಂದುಕೊಂಡೇ ಬಂದೆ.

ಮಾರ್ಚ್ 16, ಶನಿವಾರ

ಅಕ್ಕನ ಮೆಸೇಜ್. “ನಾಳೆ ಬರೋದು ಬೇಡ. ಕೆಲಸ ಇದೆ.” ಹಲ್ಲಿ ಅಂತಲೂ ಇಲ್ಲ.

ಆರು ವರ್ಷದಲ್ಲಿ ಜ್ವರ ಬಂದಾಗಲೂ ಬೇಡ ಅಂದವಳಲ್ಲ.

ಮಾರ್ಚ್ 24, ಭಾನುವಾರ

ಇವತ್ತೂ ಕರೆಯಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಶುಕ್ರವಾರವೇ ಕಂಪ್ಯೂಟರ್‌ಗೆ ಗೇಮ್ ಇಳಿಸಿದ್ದೆ, ಒಂದು ಕಂಟ್ರೋಲರ್ ಕೂಡ ಕೊಂಡು ತಂದಿದ್ದೆ. ಬೆಳಿಗ್ಗೆ ಕೂತೆ.

ಏನು ಚೆಂದ! ಸಮುದ್ರದ ನೀರು ಗಾಜಿನ ಹಾಗೆ. ಮೊದಲ ಮೂರು ದ್ವೀಪದ ಒಗಟು ಚಕಚಕನೆ ಬಿಡಿಸಿದೆ. ಆಮೇಲೆ ಕೊಕ್ಕೆ ಕೈಯ ಕಪ್ತಾನ ಬಂದ. ಕೊಂದ. ಮತ್ತೆ ಕೊಂದ. ಹತ್ತೊಂಬತ್ತು ಸಲ.

ಇಪ್ಪತ್ತನೇ ಸಲ “ಅಕ್ಕಾ, ತಗೋ” ಎಂದು ಕಂಟ್ರೋಲರನ್ನು ಪಕ್ಕಕ್ಕೆ ಚಾಚಿದೆ. ಪಕ್ಕದಲ್ಲಿ ಮೇಜಿನ ಮೇಲೆ ಯಾರದೋ ಮೇಣದ ಹಲ್ಲಿನ ಸೆಟ್. ಹಲ್ಲು ಕಿರಿದುಕೊಂಡು ನನ್ನನ್ನೇ ನೋಡುತ್ತಿತ್ತು.

ಆಫ್ ಮಾಡಿದೆ.

ಮಾರ್ಚ್ 26, ಮಂಗಳವಾರ

ಭಾವನ ಫೋನ್. ದನಿ ಸಣ್ಣದು, ಬಾಲ್ಕನಿಯಿಂದ ಇರಬೇಕು.

“ನಿಮ್ಮಕ್ಕ ಡಿಸ್ಕ್ ಬಿಚ್ಚೇ ಇಲ್ಲಮ್ಮ. ಟಿವಿ ಮೇಲಿಟ್ಟು ದಿನಾ ಧೂಳು ಒರೆಸ್ತಾಳೆ.”

“ಅಷ್ಟು ಕೋಪಾನಾ ಭಾವ? ತಮಾಷೆಗೆ ಅಂದಿದ್ದು ನಾನು.”

“ಕೋಪ ಅಲ್ಲ.” ಬಾಲ್ಕನಿ ಬಾಗಿಲು ಎಳೆದುಕೊಂಡ ಸದ್ದು. “ಮೊದಲೆಲ್ಲ ನೀನು ವರ್ಷಕ್ಕೆ ಮೂರು ಸಲ ಬರ್ತಿದ್ದೆ. ಹಾಜರಿ ಹಾಕಿ ಹೋಗೋ ಥರ. ಅವಳಿಗೆ ಗೇಮ್ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ. ನಿನಗೆ ಇಷ್ಟ ಅಂತ ಯಾರ ಹತ್ರಾನೋ ಕೇಳಿ, ಅಂಗಡಿಗೆ ಹೋಗಿ, ‘ಬೇರೆಲ್ಲೂ ಆಡೋಕೆ ಆಗದೇ ಇರೋ ಗೇಮ್ ಯಾವುದಿದೆ, ಅದು ಕನ್ಸೋಲ್ ಸಮೇತ ಕೊಡಿ’ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.”

“ಹೂಂ” ಅಂದೆ. ಎರಡು ಸಲ.

ನಾನು ವಾದ ಗೆದ್ದದ್ದು ಇದರ ಮೇಲೆ.

ಮಾರ್ಚ್ 27, ಬುಧವಾರ

ಭಾನುವಾರದ ತನಕ ಕಾಯಲು ಆಗಲಿಲ್ಲ. ಲ್ಯಾಬ್ ಮುಗಿಸಿ ನೇರ ಹೋದೆ. ಅಕ್ಕ ಆಗಷ್ಟೇ ಬಸ್ಸು ಬಿಟ್ಟು ಬಂದಿದ್ದಳು, ಖಾಕಿ ಶರ್ಟ್ ಇನ್ನೂ ಮೈಮೇಲೆ. ನನ್ನನ್ನು ಕಂಡು ಮುಖ ಬಿಳಿಚಿತು.

“ಏನಾಯ್ತೇ? ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಸುಮ್ನೆ ಬಂದೆ.”

“ಬುಧವಾರ ಯಾರಾದ್ರೂ ಸುಮ್ನೆ ಬರ್ತಾರಾ?”

“ನಾನು ಬರ್ತೀನಿ. ಗೇಮ್ ಇಲ್ದಿದ್ರೂ ಬರ್ತೀನಿ. ಟಿವಿ ಮಾರಿದ್ರೂ ಬರ್ತೀನಿ. ನೀನು ಬಾಗಿಲು ತೆಗೀದಿದ್ರೆ ಮೆಟ್ಟಿಲ ಮೇಲೆ ಕೂತಿರ್ತೀನಿ.”

ಅವಳು ಭಾವನ ಕಡೆ ತಿರುಗಿದಳು. ಭಾವ ಪೇಪರ್ ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

“ಹೇಳಿಬಿಟ್ರಾ?” ಎಂದಳು. ಕಣ್ಣು ಒರೆಸಿಕೊಂಡಳು, ತೋಳಿನಿಂದಲೇ. ನಾನೂ. ಆಮೇಲೆ ಮೂವರೂ ಯಾಕೋ ನಗಲು ಶುರು ಮಾಡಿದೆವು, ನಿಲ್ಲಿಸಲು ಆಗಲಿಲ್ಲ.

ಡಿಸ್ಕಿನ ಪ್ಲಾಸ್ಟಿಕ್ ಅವಳೇ ಹರಿದಳು, ಹಲ್ಲಿನಲ್ಲಿ ಕಚ್ಚಿ. ಮೊದಲ ದ್ವೀಪಕ್ಕೆ ಇಳಿಯುತ್ತಿದ್ದಂತೆ ತಪ್ಪೊಪ್ಪಿಕೊಂಡೆ — ಮೂರು ದ್ವೀಪ ಆಗಲೇ ಆಡಿದ್ದೇನೆ.

ಕುಶನ್ ತೆಗೆದು ಬೆನ್ನಿಗೆ ಬಾರಿಸಿದಳು. “ದ್ರೋಹಿ! ಮುಂದೇನಾಗುತ್ತೆ ಅಂತ ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ.”

“ಉದುರಿಸು. ನಾನೇ ಕಟ್ಕೋತೀನಿ.”

ಕಪ್ತಾನನನ್ನು ಎರಡನೇ ಸಲಕ್ಕೇ ಮುಗಿಸಿದಳು. ಎರಡನೇ ಸಲಕ್ಕೆ! ಹೊರಡುವಾಗ ಬಾಗಿಲ ಹತ್ತಿರ, ಎಲ್ಲೋ ನೋಡುತ್ತ ಕೇಳಿದಳು: “ನಿನ್ನ ಕಂಪ್ಯೂಟರ್‌ಗೆ ನನ್ನ ಕಂಟ್ರೋಲರ್ ಹಾಕಿದ್ರೆ ನಡೆಯುತ್ತಾ?”

“ನಡೆಯುತ್ತೆ. ಯಾಕೆ?”

“ಸುಮ್ನೆ ಕೇಳ್ದೆ.”

ಏಪ್ರಿಲ್ 4, ಗುರುವಾರ, ಸಂಜೆ 5.40

ಅಕ್ಕ ಬಂದಿದ್ದಾಳೆ. ನನ್ನ ಮನೆಗೆ! ಈ ಆರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾನೂ ಕರೆದಿರಲಿಲ್ಲ. ಒಂದೇ ರೂಮು, ಬಂದರೆ ಮಾಡುವುದೇನು ಅಂತ ಇಬ್ಬರಿಗೂ.

ಬ್ಯಾಗಿನಿಂದ ಕಂಟ್ರೋಲರ್ ತೆಗೆಯುವ ಮೊದಲು ಇಡೀ ರೂಮು ತಪಾಸಣೆ ಆಯಿತು. ಕಿಟಕಿ ತೆರೆದು ನೋಡಿದಳು, ಮುಚ್ಚಿದಳು, ಪಾತ್ರೆ ಮುಚ್ಚಳ ಎತ್ತಿದಳು. ನಾನು ಕಟ್ಟಿದ ಮೇಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಒಂದೊಂದೂ ಬೇರೆ ಥರ ಇದೆಯಲ್ಲೇ. ಇಷ್ಟು ಚೆನ್ನಾಗಿ ಮಾಡ್ತೀಯಾ ನೀನು? ಒಂದು ದಿನವಾದ್ರೂ ಹೇಳಿದ್ದೀಯಾ?”

ಈಗ ನನ್ನ ಕುರ್ಚಿ ಅವಳದ್ದು. ನಾನು ಮಂಚದ ಮೇಲೆ. ಪರದೆ ನೋಡಿ “ನಮ್ಮನೆಗಿಂತ ಚೆನ್ನಾಗಿ ಕಾಣುತ್ತೆ” ಅಂದಳು. ತಕ್ಷಣ — “ಆದ್ರೂ ಇದು ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕಿದೆ.”

“ಇಲ್ಲ.”

ಭಾನುವಾರ ಅವಳ ಮನೆಯಲ್ಲಿ ಆರು ಮುಗಿಸಿದ್ದೆವು, ಅದೇ ಖಾತೆಯಿಂದ ಇಲ್ಲಿ ಮುಂದಕ್ಕೆ — ಏಳನೇ ದ್ವೀಪ. ಇಬ್ಬರಿಗೂ ಹೊಸದು. ಈ ಸಲ ಒಗಟು ತನಗೇ ಬೇಕಂತೆ, ಹತ್ತು ನಿಮಿಷದಿಂದ ಒಂದೇ ಬಾಗಿಲ ಮುಂದೆ ನಿಂತು ಬೈಯುತ್ತಿದ್ದಾಳೆ. ನಾನು ತುಟಿ ಕಚ್ಚಿಕೊಂಡು ಬರೆಯುತ್ತಿದ್ದೇನೆ. ಎಡಗಡೆಯ ದೀಪ, ಅಕ್ಕ, ಎಡಗಡೆಯ… ಅಯ್ಯೋ, ತಿರುಗಿಸಿದಳು! ಬಾಗಿಲು ತೆರೆಯಿತು, ಒಳಗಿಂದ ಏನೋ ದೊಡ್ಡದು ಬರುತ್ತಿದೆ, ಕಂಟ್ರೋಲರ್ ನನ್ನ ತೊಡೆ ಮೇಲೆ ಎಸೆದಿದ್ದಾಳೆ — “ಹೊಡೆದಾಟ ನಿಂದು ಕಣೇ ಇವತ್ತು, ಬರೆದಿದ್ದು ಸಾಕು, ಎಡಕ್ಕೆ ಓಡು ಹಲ್ಲಿ, ಎಡಕ್ಕೆ —”