ಏಳದ ಬಲಗಾಲು

ಶಹಾಬಾದ, 11 ಡಿಸೆಂಬರ್ 2024, ಬುಧವಾರ

ಸೊಂಟದ ನೋವು ಇವತ್ತೂ ಬಿಡಲಿಲ್ಲ. ನೋವು ಹಳೆಯದು, ತಡೆದುಕೊಳ್ಳುತ್ತೇನೆ. ಹೆದರಿಸಿದ್ದು ಬೇರೆ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಯಾರ ಸೊಂಟ ಹಿಡಿದುಕೊಂಡರೂ ನನ್ನ ಬಲಗಾಲಿನಿಂದ ಮೂರು ಸಲ ಒದೆಸಿಕೊಂಡರೆ ಬಿಡುತ್ತದೆಂದು ಓಣಿಯವರ ನಂಬಿಕೆ. ಐವತ್ತು ವರ್ಷದಿಂದ ಒದೆಯುತ್ತಿದ್ದೇನೆ. ಬೆಳಿಗ್ಗೆ ಪಕ್ಕದ ಮನೆಯ ಅಮೀರ್ಬೀ ಬಂದು ಪಡಸಾಲೆಯಲ್ಲಿ ಬೋರಲು ಮಲಗಿದಳು.

"ಜಲ್ದಿ ಒದೀರಿ ಅವ್ವಾ, ಫರ್ಸಿ ಕಲ್ಲು ಎತ್ಲಾಕ ಹೋಗಿ ನಡಾ ಹಿಡದದ."

ಗೋಡೆ ಹಿಡಿದು ಕಾಲೆತ್ತಲು ನೋಡಿದೆ. ಏಳಲಿಲ್ಲ. ಮತ್ತೆ ನೋಡಿದೆ. ಮಂಡಿಯ ಕೆಳಗೆ ಕಾಲು ಕಟ್ಟಿಗೆಯಂತಾಗಿತ್ತು. ಏನು ಮಾಡಲಿ, ಊರುಗೋಲಿನ ರಬ್ಬರ್ ತುದಿಯನ್ನೇ ಅವಳ ಸೊಂಟಕ್ಕೆ ಮೂರು ಸಲ ಒತ್ತಿದೆ.

ಅವಳು ಎದ್ದು ಕೂತಳು. "ನಿಮ್ ಕಾಲಾಗ ಬರಕತ್ ಅದ ನೋಡ್ರಿ. ಭಾಳ ಹಗೂರಾತು."

ನಕ್ಕೆ. ಊರುಗೋಲನ್ನು ಸೀರೆಯ ಹಿಂದೆ ಸರಿಸಿದೆ.

ಸೊಸೆ ಮಹಾನಂದಾಗೆ ಹೇಳಿಲ್ಲ. ಹೇಗೆ ಹೇಳಲಿ? ಇನ್ನು ಮೇಲೆ ಬಚ್ಚಲಿಗೂ ಅವಳೇ ಎತ್ತಿಕೊಂಡು ಹೋಗಬೇಕೇ? ಎಡಗಾಲೂ ಹೀಗೇ ಆದರೆ?

ಈಗ ಮಂಚದ ಮೇಲೆ ಕೂತು, ಬಲಗಾಲನ್ನು ಕೈಯಿಂದ ಎಳೆದುಕೊಂಡು, ಕಣ್ಣು ಮುಚ್ಚಿ ಪಾದಕ್ಕೆ ಈ ಪೆನ್ನನ್ನು ಮತ್ತೆ ಮತ್ತೆ ಚುಚ್ಚಿದೆ. ಏನೂ ತಿಳಿಯಲಿಲ್ಲ, ಪೆನ್ನು ತಪ್ಪಿತೇನೋ ಅಂದುಕೊಂಡೆ. ಕಣ್ಣು ಬಿಟ್ಟರೆ ಪಾದದ ಮೇಲೆ ಮೂರು ನೀಲಿ ಚುಕ್ಕೆ.