ಹೊಗೆಸೊಪ್ಪಿನ ಖಾನೆ

೭ ಮಾರ್ಚ್ ೧೯೯೪, ಸೋಮವಾರ

ಯಾರದು ಓದುತ್ತಿರುವುದು? ರಾಗಿ ಡ್ರಮ್ಮಿನ ಹಿಂದೆ ಕೈ ಹಾಕಿ, ಗೋಣಿಚೀಲ ಸರಿಸಿ, ಅಡಿಯಿಂದ ಎಳೆದು ಓದುವಷ್ಟು ಬಿಡುವು ಇದೆಯೇನು ನಿನಗೆ? ಕೊಟ್ಟಿಗೆ ಗುಡಿಸಿದ್ದಾಯಿತಾ? ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಿದ್ದಾಯಿತಾ? ಇಟ್ಟುಬಿಡು. ಇದ್ದ ಜಾಗದಲ್ಲೇ, ಇದ್ದ ಹಾಗೇ. ಇದು ನಿನಗೆ ಬರೆದದ್ದಲ್ಲ. ಯಾರಿಗೂ ಬರೆದದ್ದಲ್ಲ.

ಇವತ್ತೂ ಕ್ಲಾಸಿಗೆ ಹೋದೆ. ಹಾಲಿನ ಡೈರಿ ಜಗಲಿ, ಮಧ್ಯಾಹ್ನ ಎರಡು ಗಂಟೆ. ಪಿಯುಸಿ ಮುಗಿಸಿ ಮನೆಯಲ್ಲಿರುವ ಪವಿತ್ರಾ ನಮ್ಮ ಟೀಚರು. ಓದು ಬಾರದ ಹೆಂಗಸರಿಗೆಲ್ಲ ಅಕ್ಷರ ಕಲಿಸಬೇಕೆಂದು ಸರ್ಕಾರದ ಆರ್ಡರು. ಸ್ಲೇಟಿನ ಮೇಲೆ ‘ಗ’ ಬರೆಯಿರಿ ಎಂದಳು. ಬೇಕೆಂದೇ ತಲೆಕೆಳಗು ಬರೆದೆ.

“ಅಜ್ಜಿ, ಮೊನ್ನೆನೂ ಇಂಗೇ ಬರ್ದಿದ್ರಿ ಕಣಜ್ಜಿ.”

“ನಿನ್ ಗ ನಿಂತ್ಕೊಂಡದೆ, ನನ್ ಗ ಬಿದ್ಕೊಂಡದೆ. ವಯಸ್ಸಾಗದೆ ಬುಡವ್ವ ಅದುಕ್ಕೆ.”

ಎಲ್ಲರೂ ನಕ್ಕರು. ನಗಲಿ. ಮೂರನೇ ಕ್ಲಾಸು ಓದಿದವಳು ತಪ್ಪು ಬರೆಯುವುದು ಎಷ್ಟು ಕಷ್ಟ ಅಂತ ಇವರಿಗೇನು ಗೊತ್ತು. ಕೈ ತಾನಾಗಿ ನೆಟ್ಟಗೆ ಹೋಗುತ್ತದೆ. ಹಿಡಿದು ತಿರುಗಿಸಬೇಕು.

ಮಗ ಕನಕರಾಜು ಪಂಚಾಯ್ತಿ ಮೆಂಬರ್ ಆಗಿ ಮೂರು ತಿಂಗಳು. ಮೆಂಬರ್ ಮನೆಯಿಂದಲೇ ಯಾರೂ ಬರದಿದ್ದರೆ ಏನು ಮರ್ಯಾದೆ ಎಂದು ನನ್ನನ್ನೂ ಸೊಸೆ ಚಂದ್ರಿಕಾಳನ್ನೂ ಅಟ್ಟಿದ್ದಾನೆ. ಅವಳು ಐದನೇ ಕ್ಲಾಸು ಓದಿದವಳು, ಹೋಗುವುದು ತಲೆ ತೋರಿಸಲಿಕ್ಕೆ. ನಾನು ಹೋಗುವುದು ಕಾವಲಿಗೆ.

“ಅವ್ವ, ಅವಳ ಪಕ್ದಲ್ಲೇ ಕೂತ್ಕೊ. ಆ ನಂಜಣ್ಣನ ಎಂಡ್ರು ಜೊತೆ ಮಾತಾಡುದ್ರೆ ನಂಗೇಳು.”

ನಂಜಣ್ಣನಿಗೂ ನಮಗೂ ಬದುವಿನ ಜಗಳ, ಎರಡು ವರ್ಷದಿಂದ ಮಾತಿಲ್ಲ. ಅವನ ಹೆಂಡತಿ ಸುನಂದಮ್ಮ ಕ್ಲಾಸಿನಲ್ಲಿ ನಮ್ಮೆದುರಿಗೇ ಕೂರುತ್ತಾಳೆ.

೯ ಮಾರ್ಚ್, ಬುಧವಾರ

ಎಲೆಅಡಕೆ ಚೀಲ ಬಿಚ್ಚಿದ ಮೇಲೆ ಕೂತವರಲ್ಲಿ ಒಬ್ಬರನ್ನೂ ಬಿಡುವಂತಿಲ್ಲ. ಎಂಥ ಜಗಳವೇ ಇರಲಿ, ಚೀಲ ಸುತ್ತು ಬರಲೇಬೇಕು. ಅದಕ್ಕೆ ಕನಕರಾಜುವೂ ಬೇಡ ಅನ್ನಲಾರ. ಇವತ್ತೂ ಹಾಗೇ — ನನ್ನಿಂದ ಚಂದ್ರಿಕಾಳಿಗೆ, ಅಲ್ಲಿಂದ ಏಳೆಂಟು ಕೈ ದಾಟಿ ಸುನಂದಮ್ಮನಿಗೆ, ತಿರುಗಿ ನನಗೆ.

ಚೀಲಕ್ಕೆ ಮೂರು ಖಾನೆ. ಎಲೆ, ಅಡಕೆ, ಹೊಗೆಸೊಪ್ಪು. ಹಲ್ಲು ಅಲುಗಾಡಿದ ಮೇಲೆ ಹೊಗೆಸೊಪ್ಪು ಬಿಟ್ಟೆ, ಆ ಖಾನೆ ಖಾಲಿ... ಖಾಲಿ ಅಂದುಕೊಂಡಿದ್ದೆ. ಬೆರಳಿಗೆ ಕಾಗದ ತಗುಲಿತು. ಸೆರಗಿನ ಮರೆಯಲ್ಲಿ ಬಿಚ್ಚಿದೆ.

‘ಹುಣಸೂರು ಹಾಸ್ಟೆಲಲ್ಲಿ ನನ್ನ ತಂಗಿ ಅಡಿಗೆ ಮಾಡ್ತಾಳೆ. ಫಾರಂ ಮೇ ತಿಂಗಳಲ್ಲಿ ಕೊಡ್ತಾರಂತೆ, ತಂದುಕೊಡ್ತಾಳೆ. ಅನುನ ಸೇರಿಸೋಣ. ಹೆದರಬೇಡ.’

ಅನು ನನ್ನ ಮೊಮ್ಮಗಳು. ಈ ತಿಂಗಳು ಏಳನೇ ಕ್ಲಾಸಿನ ಪರೀಕ್ಷೆ.

“ಅತ್ತೆ, ಚೀಲ ಕೊಡಿ, ಇನ್ನೊಂದ್ ಎಲೆ ಆಕ್ಕೋತೀನಿ” ಅಂದಳು ಚಂದ್ರಿಕಾ. ಎಲೆ ಹಾಕಿದರೆ ತಲೆ ಸುತ್ತುತ್ತದೆ ಎನ್ನುವವಳು! ಮಡಚಿ ಅಲ್ಲೇ ಇಟ್ಟು ಚೀಲ ಕೊಟ್ಟೆ. ಕಂಡರೂ ಮುದುಕಿಗೇನು ಗೊತ್ತಾಗುತ್ತೆ ಅನ್ನುವ ಧೈರ್ಯ ಅವಳಿಗೆ. ನನ್ನ ಚೀಲವನ್ನೇ ಅಂಚೆ ಡಬ್ಬ ಮಾಡಿಕೊಂಡಿದ್ದಾರೆ, ರಂಡೆಯರು.

ಮನೆಗೆ ಬಂದ ಮೇಲೆ ಕನಕರಾಜು ಕೇಳಿದ. “ಯಾರ್ ಜೊತೆ ಮಾತಾಡುದ್ಲು?”

“ಯಾರ್ ಜೊತೆನೂ ತುಟಿ ಬಿಚ್ನಿಲ್ಲ ಕಣಪ್ಪ.”

ನಿಜವನ್ನೇ ಹೇಳಿದೆ.

೧೪ ಮಾರ್ಚ್

ಎಲ್ಲರೂ ಸಸಿಮಡಿಗೆ ಹೋಗಿದ್ದಾರೆ. ಬರೆಯಲು ಇದೊಂದೇ ಹೊತ್ತು.

ಈ ಮನೆಗೆ ಬಂದಾಗ ನನಗೆ ಹದಿನಾಲ್ಕು. ಮೂರನೇ ತಿಂಗಳಿಗೆ ಅವ್ವನಿಗೆ ಕಾಗದ ಬರೆದೆ — ಬಂದು ಕರೆದುಕೊಂಡು ಹೋಗು, ಇಲ್ಲಿ ಹೊಡೆಯುತ್ತಾರೆ ಎಂದು. ಬಳೆಗಾರನ ಕೈಗೆ ಕೊಟ್ಟೆ. ಅವನು ನನ್ನ ಅತ್ತೆಯ ಕೈಗೆ ಕೊಟ್ಟ. ಗಂಡ ಕರಿಯಯ್ಯ ಉಣ್ಣುತ್ತಿದ್ದವನು ಎದ್ದು ಬಂದ. ಹೊಡೆದದ್ದು ಮರೆತೆ. ಆಮೇಲೆ ಒಲೆ ಮುಟ್ಟಿಸಿ ಆಣೆ ಮಾಡಿಸಿದರು — ನನಗೆ ಅಕ್ಷರ ಬರುವುದಿಲ್ಲ ಎಂದು. ಬರೆಯುವುದಿಲ್ಲ ಎಂದಲ್ಲ. ಬರುವುದಿಲ್ಲ ಎಂದು.

ನಲವತ್ತಮೂರು ವರ್ಷ ಆಯಿತು. ಅವರೆಲ್ಲ ಸತ್ತರೂ ಆಣೆ ಸಾಯಲಿಲ್ಲ. ಬೆಲ್ಲ ಕಟ್ಟಿಕೊಟ್ಟ ಪೇಪರು ಒಲೆಗೆ ಹಾಕುವ ಮುಂಚೆ ಓದಿಕೊಂಡೇ ಅಕ್ಷರ ಉಳಿಸಿಕೊಂಡೆ. ಜಮೀನಿನ ಯಾವ ಪತ್ರ ತಂದರೂ ಹೆಬ್ಬೆಟ್ಟು ಒತ್ತಿದೆ. ಒಳಗೆ ಒಂದಿದ್ದರೆ ಕರಿಯಯ್ಯ ಬಾಯಲ್ಲಿ ಇನ್ನೊಂದು ಓದಿ ಹೇಳುತ್ತಿದ್ದ. ತಲೆ ಆಡಿಸುತ್ತಿದ್ದೆ. ಕೊನೆಯ ಸಲ ಹಾಗೆ ಓದಿದವನು ಕನಕರಾಜು.

೩೦ ಮಾರ್ಚ್, ಬುಧವಾರ

ಅನು ಮನೆಯೆಲ್ಲ ಹುಡುಕಿದಳು. “ಅಜ್ಜಿ, ನನ್ ಆರ್ನೇ ಕ್ಲಾಸಿನ್ ಗಣಿತದ್ ನೋಟ್‌ಬುಕ್ ಕಂಡ್ಯಾ? ಇನ್ನೂ ಅರ್ಧ ಖಾಲಿ ಇತ್ತು.”

“ಒಲೆ ಅಚ್ಚಕ್ಕೆ ಆಕ್ದೆ.”

“ಥೂ! ನಿಂಗೆ ಓದು ಬರ್ದೇ ಇದ್ರೆ ಎಲ್ಲಾ ಒಲೆಗೇ ಆಕ್ಬುಡ್ತೀಯಾ?”

ಬೈಸಿಕೊಂಡೆ. ಏನು ಮಾಡುವುದು, ಅದರಲ್ಲೇ ಬರೆಯುತ್ತಿದ್ದೇನೆ.

೧೨ ಏಪ್ರಿಲ್

ಹಬ್ಬಕ್ಕೆ ಕೋಟೆಗೆ ಕೊಟ್ಟಿರುವ ಮಗಳು ಬಂದಿದ್ದಳು. ಅನುವನ್ನು ತನ್ನ ಮಗ ದೇವರಾಜುವಿಗೆ ತಂದುಕೊಳ್ಳಬೇಕಂತೆ. ಅವನಿಗೆ ಇಪ್ಪತ್ತನಾಲ್ಕು. ಟ್ರ್ಯಾಕ್ಟರ್ ಓಡಿಸುತ್ತಾನೆ. ಅನುವಿಗೆ ಹದಿಮೂರು ತುಂಬಿಲ್ಲ.

ಚಂದ್ರಿಕಾ ಒಬ್ಬಟ್ಟು ಬಡಿಸುತ್ತಿದ್ದವಳು ಹಾಗೇ ನಿಂತಳು. “ಎಂಟ್ನೇ ಕ್ಲಾಸಾದ್ರೂ...”

“ಈಗ್ಲೇ ಮದ್ವೆ ಅಂದ್ನಾ?” ಕನಕರಾಜು. “ಊ ಮುಡ್ಸಿ ಬುಡಾದು. ಇನ್ನೆರಡ್ ವರ್ಷ ಮನೇಲಿ ಒಗೆಸೊಪ್ಪು ಕಟ್ಕೊಂಡಿರ್ಲಿ. ಅಕ್ಕ ತಾನೆ ಕೇಳ್ತಿರಾದು, ಬ್ಯಾರೆಯೋರಾ? ನೀನೇಳವ್ವ.”

ಮಗ, ಮಗಳು ಇಬ್ಬರೂ ನನ್ನ ಬಾಯಿ ನೋಡಿದರು. ಒಬ್ಬಟ್ಟು ತುರುಕಿಕೊಂಡೆ. ಹಲ್ಲು ನೋವು ಎಂದೆ.

೩ ಮೇ, ಮಂಗಳವಾರ

ಅನು ಪಾಸು. ಫಸ್ಟ್ ಕ್ಲಾಸು. ಊರಿಗೆಲ್ಲ ತಿರುಗಿ ಹೇಳಿ ಬಂದಳು. ಅಪ್ಪ ಮಾತ್ರ “ಸರಿ” ಅಂದ.

ಚೀಲದಲ್ಲಿ ಫಾರಂ ಬಂತು, ಎಂಟು ಮಡಿಕೆ ಮಾಡಿ. ಜೊತೆಗೆ ಚೀಟಿ.

‘ಅಪ್ಪನ ಕಳ್ಳಸೈನ್ ಹಾಕಬೇಡ, ಮೆಂಬರ್ ಸೈನು ಹುಣಸೂರಿನ ಆಫೀಸಿನವರಿಗೆಲ್ಲ ಗೊತ್ತು. ಮನೆಯ ಹಿರಿಯರು ಯಾರಾದರೂ ಆದೀತಂತೆ, ಬಂದು ಸೇರಿಸಿದರೆ. ಅಜ್ಜಿ ಹೆಬ್ಬೆಟ್ಟು ಹಾಕಿಸಿಕೊ. ಬೇರೆ ಏನೋ ಪೇಪರ್ ಅಂತ ಹೇಳು. ಅವರಿಗೇನು ಗೊತ್ತಾಗುತ್ತೆ. ಮೇ ಮೂವತ್ತು ಕಡೇ ದಿನ.’

ನನ್ನ ತೊಡೆಯ ಮೇಲೆ, ನನ್ನ ಚೀಲದೊಳಗೆ, ನನ್ನ ವಿಚಾರ. ಎಲ್ಲರೂ ‘ಸರಸ’, ‘ಅರಸ’ ಎಂದು ಕೂಗುತ್ತಿದ್ದರು. ನಾನೂ ಕೂಗಿದೆ.

೬ ಮೇ

ಬಂದಳು. ಚಂದ್ರಿಕಾಳ ಅಂಗೈಯಲ್ಲಿ ಪಂಚಾಯ್ತಿಯ ಇಂಕ್ ಪ್ಯಾಡು. ಫಾರಮ್ಮಿನ ಮೇಲಿನ ಬರಹಕ್ಕೆಲ್ಲ ಸೆರಗು ಮುಚ್ಚಿದ್ದಳು.

“ಅತ್ತೆ, ಕ್ಲಾಸಿನ ಆಜರಿ ಪೇಪರ್ ಇದು. ಪವಿತ್ರಾ ಕೊಟ್ಲು. ಇಲ್ಲಿ ಒಂದ್ ಎಬ್ಬೆಟ್ಟು ಒತ್ಬುಡಿ.”

ಹದಿನೈದು ವರ್ಷದಿಂದ ನನ್ನ ಕೈಯ ಅನ್ನ ಉಂಡವಳು. ನನಗೆ ಜ್ವರ ಬಂದಾಗ ಕಾಲು ಒತ್ತಿದವಳು. ಕರಿಯಯ್ಯ ಹೇಳಿದ ಧಾಟಿಯಲ್ಲೇ ಹೇಳಿದಳು. ಕೇಳಿದ್ದರೆ... ‘ಅತ್ತೆ, ಇದು ಅನುಗೆ, ನಿಮ್ಮ ಮಗನಿಗೆ ಹೇಳಬೇಡಿ’ ಅಂತ ಒಂದು ಮಾತು ಕೇಳಿದ್ದರೆ ಎರಡು ಕೈಯ ಹತ್ತು ಬೆರಳೂ ಒತ್ತುತ್ತಿದ್ದೆ.

“ಒತ್ತಕ್ಕಿಲ್ಲ ಓಗು. ನನ್ ಎಬ್ಬೆಟ್ಟೇನು ಬೀದಿ ಮೇಲ್ ಬಿದ್ದದಾ?”

“ಅತ್ತೆ, ಒಂದೇ ಒಂದು —”

“ಓಗು ಅಂದ್ನಲ್ಲ!”

ಬಚ್ಚಲಲ್ಲಿ ಕೂತು ಅತ್ತಳು. ನೀರು ಹೊಯ್ದುಕೊಳ್ಳುವ ಸದ್ದು ಮಾಡಿಕೊಂಡು ಅತ್ತಳು. ನನಗೆ ಆ ಉಪಾಯ ಗೊತ್ತಿಲ್ಲವೇ.

೨೧ ಮೇ, ಶನಿವಾರ

ಹದಿನೈದು ದಿನ ಬರೆಯಲಿಲ್ಲ. ಮನಸ್ಸಾಗಲಿಲ್ಲ.

ಚೀಲ ಸುತ್ತು ಬರುತ್ತದೆ, ಹೊಗೆಸೊಪ್ಪಿನ ಖಾನೆ ಖಾಲಿ. ಚಂದ್ರಿಕಾ ನನ್ನ ಮುಖ ನೋಡುವುದಿಲ್ಲ. ಫಾರಂ ಅವಳ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗಿದೆ. ನೋಡಿದೆ.

ಜೂನ್ ಐದಕ್ಕೆ ಕೋಟೆಯಿಂದ ಬಂದು ಹೂ ಮುಡಿಸಿ ಮಾತು ಗಟ್ಟಿ ಮಾಡುತ್ತಾರಂತೆ. ಅನು ಕೇಳಿದಳು, “ಅಜ್ಜಿ, ಊ ಮುಡ್ಸುದ್ರೆ ಸ್ಕೂಲಿಗೆ ಕಳುಸ್ತಾರಾ?”

ಬರೀ ಹೆಬ್ಬೆಟ್ಟು ಒತ್ತಿದರೆ ಆಗುವುದಿಲ್ಲ. ಗೊತ್ತಾದ ದಿನ ಕನಕರಾಜು ಏನು ಹೇಳುತ್ತಾನೆ? ‘ನಮ್ಮವ್ವಂಗೆ ಓದಕ್ ಬರಾಕಿಲ್ಲ, ಮೋಸ ಮಾಡಿ ಒತ್ತಿಸ್ಕೊಂಡವ್ರೆ’ ಎಂದು ಹೋಗಿ ಬಿಡಿಸಿಕೊಂಡು ಬರುತ್ತಾನೆ. ಚಂದ್ರಿಕಾಳ ಬೆನ್ನು ಮುರಿಯುತ್ತಾನೆ. ಸೈನ್ ಇದ್ದರೆ ಆ ಮಾತು ನಿಲ್ಲುವುದಿಲ್ಲ. ಸೈನ್ ಹಾಕಿದರೆ, ಅವನು ತಪ್ಪು ಓದಿ ಹೇಳಿದ ಪತ್ರವೂ ನನಗೆ ಗೊತ್ತಿತ್ತು ಎಂದು ಅವನಿಗೆ ಗೊತ್ತಾಗುತ್ತದೆ. ಆಮೇಲೆ ನಾನು ಇದೇ ಮನೆಯಲ್ಲಿ ಅವನ ಎದುರಿಗೆ ಕೂತು ಉಣ್ಣಬೇಕು. ಬೇರೆ ಎಲ್ಲಿಗೆ ಹೋಗಲಿ? ಮಗಳೂ ಇನ್ನು ಬಾಗಿಲು ತೆರೆಯುವುದಿಲ್ಲ.

೨೭ ಮೇ, ಶುಕ್ರವಾರ. ಮಧ್ಯಾಹ್ನ ಒಂದು ಗಂಟೆ

ಇವತ್ತು ಕೊನೆಯ ಕ್ಲಾಸು. ಮಳೆ ಬಿದ್ದಿದೆ, ನಾಳೆಯಿಂದ ಎಲ್ಲರೂ ಸಸಿ ನೆಡಲು ಹೋಗುತ್ತಾರೆ.

ಚಂದ್ರಿಕಾ, ಈ ಹಾಳೆ ನಿನಗೆ. ಹರಿದು, ಫಾರಮ್ಮಿನೊಳಗೆ ಮಡಚಿ, ಖಾನೆಯಲ್ಲಿ ಇಡುತ್ತೇನೆ. ಎಲೆ ತೆಗೆದುಕೊಳ್ಳುವವಳ ಹಾಗೆ ತೆಗೆದುಕೊ. ಓದುವಾಗ ತುಟಿ ಅಲ್ಲಾಡಿಸಬೇಡ, ಆ ಕೆಟ್ಟ ಅಭ್ಯಾಸ ನಿನಗಿದೆ. ಬಾಯಿ ಬಿಟ್ಟುಕೊಂಡು ನನ್ನ ಕಡೆ ನೋಡಲೂಬೇಡ.

ನಿನ್ನ ಟ್ರಂಕಿಗೆ ಕೈ ಹಾಕಿದವಳು ನಾನೇ. ಫಾರಂ ತುಂಬಿದ್ದೀಯ, ಹುಟ್ಟಿದ ತಾರೀಕು ನೀನು ತಪ್ಪು ಬರೆದಿದ್ದೆ, ತಿದ್ದಿದ್ದೇನೆ. ಹೆಬ್ಬೆಟ್ಟಿನ ಜಾಗದಲ್ಲಿ ಸೈನ್ ಇದೆ. ಚಿಕ್ಕಬೀರಮ್ಮ. ಪೂರ್ತಿ ಹೆಸರು, ನೆಟ್ಟಗೆ ಬಂದಿದೆ.

ಸೋಮವಾರ ಅವನಿಗೆ ಪಂಚಾಯ್ತಿ ಮೀಟಿಂಗು. ಒಂಬತ್ತರ ಬಸ್ಸಿಗೆ ಅನುವನ್ನು ನಾನು ಕರೆದುಕೊಂಡು ಹೋಗುತ್ತೇನೆ, ಹಲ್ಲು ಕೀಳಿಸಬೇಕು ಎಂದು ಹೇಳಿ. ಎರಡು ಜೊತೆ ಬಟ್ಟೆ ಕಟ್ಟಿಡು. ತಿರುಗಿ ಬರುವಾಗ ಒಬ್ಬಳೇ ಇರುತ್ತೇನೆ. ಅವನು ಕೇಳಿದರೆ ನಿನಗೆ ಏನೂ ಗೊತ್ತಿಲ್ಲ. ತಿಳಿಯಿತಾ? ಏನೂ ಗೊತ್ತಿಲ್ಲದವಳ ಹಾಗೆ ಇರುವುದು ಹೇಗೆಂದು ಬೇಕಾದರೆ ನಾನು ಹೇಳಿಕೊಡುತ್ತೇನೆ.

ನನಗೆ ಸುಳ್ಳು ಹೇಳಿ ಒತ್ತಿಸಿಕೊಳ್ಳಲು ಬಂದೆಯಲ್ಲ, ಅದಕ್ಕೆ ಮಾತ್ರ ಉತ್ತರ ಬೇಕು. ಬಾಯಲ್ಲಿ ಹೇಳಿ ಕಾಲು ಹಿಡಿಯುವುದು ಬೇಡ. ಬರೆದು ಕೊಡು. ಈ ಮನೆಗೆ ಬಂದ ಮೇಲೆ ನನಗೆಂದು ಯಾರೂ ಒಂದು ಚೀಟಿ ಬರೆದಿಲ್ಲ. ಜೂನ್ ಹುಟ್ಟುವುದರೊಳಗೆ ಬರೆದು ಹೊಗೆಸೊಪ್ಪಿನ ಖಾನೆಗೆ ಹಾಕಿರಬೇಕು. ದೊಡ್ಡ ಅಕ್ಷರದಲ್ಲಿ ಬರಿ, ನನಗೆ ಕಣ್ಣು —